ಗೊಂಚಲಿಗಷ್ಟೇ ಅದ್ದುವ ಔಷಧ

ಕಾರ್ತಿಕ ಕಳೆದು ಮಾರ್ಗಶಿರ ಹೊಕ್ಕ ದಿನಗಳಲ್ಲಿ ತಿಕೋಟಾದ ಕಡೆಗೆ ಹೋದವರಿಗೆ ಒಂದು ನೋಟ ಕಣ್ಣಿಗೆ ಬೀಳದೆ ಇರದು. ವಿಜಯಪುರದಿಂದ ಅಥಣಿಯ ದಾರಿ ಹಿಡಿದು, ತೊರವಿಯನ್ನು ದಾಟಿ ಮುಂದೆ ಸಾಗಿದರೆ ದ್ರಾಕ್ಷಿಯ ಚಪ್ಪರಗಳು ಆರಂಭವಾಗುತ್ತವೆ. ಆ ಚಪ್ಪರಗಳ ಕೆಳಗೆ ಹೆಣ್ಣುಮಕ್ಕಳು ಕೈಯಲ್ಲೊಂದು ಪಾತ್ರೆ ಹಿಡಿದು ಸಾಲುಸಾಲಾಗಿ ನಡೆಯುತ್ತಿರುತ್ತಾರೆ. ಪಾತ್ರೆಯಲ್ಲಿರುವುದು ಜಿಬ್ಬರೆಲಿಕ್ ಆಮ್ಲವನ್ನು ಬೆರೆಸಿದ ನೀರು; ಕಾಳು ದಪ್ಪವಾಗಲೆಂದು ಕೊಡುವ ಔಷಧ. ಅದನ್ನು ಬಳ್ಳಿಗೆಲ್ಲ ಎರಚದೆ, ಒಂದೊಂದೇ ಗೊಂಚಲನ್ನು ಪಾತ್ರೆಯಲ್ಲಿ ಅದ್ದಿ, ಮೆಲ್ಲನೆ ಬಿಟ್ಟು, ಮುಂದಿನ ಗೊಂಚಲಿಗೆ ಸಾಗುತ್ತಾರೆ.

ನನ್ನ ದೊಡ್ಡವ್ವ ಈ ಕೆಲಸದಲ್ಲಿ ಬಹುಕಾಲ ಪಳಗಿದಾಕೆ. ಎರಡು ವರ್ಷಗಳ ಹಿಂದೆ ಆಕೆಯ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಪರೀಕ್ಷೆಯಲ್ಲಿ ಅದು ಅರ್ಬುದವೆಂದು ತಿಳಿದುಬಂತು. ಶಸ್ತ್ರಕ್ರಿಯೆಗೆ ಮುನ್ನ ಗಂಟನ್ನು ಕುಗ್ಗಿಸಬೇಕೆಂದು ವೈದ್ಯರು ಇಪ್ಪತ್ತೊಂದು ದಿನಗಳಿಗೊಮ್ಮೆ ಕೆಂಪು ಬಣ್ಣದ ಔಷಧವೊಂದನ್ನು ರಕ್ತನಾಳಕ್ಕೆ ಹನಿಹನಿಯಾಗಿ ಇಳಿಸತೊಡಗಿದರು. ಎರಡನೆಯ ಸರದಿ ಮುಗಿಯುವಷ್ಟರಲ್ಲಿ ತಲೆಗೂದಲು ಉದುರಿತು. ಬಾಯಲ್ಲಿ ಹುಣ್ಣೆದ್ದು ರೊಟ್ಟಿ ಗಂಟಲಲ್ಲಿ ಇಳಿಯದಾಯಿತು. ನೋಡಲೆಂದು ಹೋದ ನನ್ನನ್ನು ಹತ್ತಿರ ಕೂರಿಸಿಕೊಂಡು ಆಕೆ ಕೇಳಿದಳು:

“ತಮ್ಮಾ, ನಾವು ಇಲ್ಲಿ ಒಂದೊಂದ ಗೊಂಚಲಾ ಹಿಡದು ಔಷಧದಾಗ ಅದ್ದತೀವಿ. ಆ ಡಾಕ್ಟರ್ ಯಾಕ ಇಡೀ ಬಳ್ಳಿಗೆ ಹೊಡೀತಾರ? ಗಂಟು ಎದ್ಯಾಗ ಐತಿ, ತಲಿಗೂದಲಾ ಯಾಕ ಹೋಗಬೇಕು?”

ವಾಚಕರೇ, ನಾನು ಕನ್ನಡ ಎಂ.ಎ. ಓದಿ ಕಾಲೇಜಿನಲ್ಲಿ ಪಾಠ ಹೇಳುವವನು, ವೈದ್ಯನಲ್ಲ. ಆದರೆ ಪತ್ರಿಕೆಗಳನ್ನು ಓದುವ ಚಟವುಳ್ಳವನು. ಎಲ್ಲಿಯೋ ಅರೆಬರೆ ಓದಿದ್ದು ಆ ಗಳಿಗೆಯಲ್ಲಿ ನಾಲಗೆಗೆ ಬಂದುಬಿಟ್ಟಿತು. “ಬಂದೈತಿ ದೊಡ್ಡವ್ವಾ. ನ್ಯಾನೊ ಅಂತಾರ. ಗಂಟು ಎಲ್ಲೈತಿ ಅಲ್ಲಿಗಷ್ಟ ಹೋಗಿ ಹತ್ತತೈತಿ” ಎಂದು ಧೈರ್ಯ ಹೇಳಿ ವಿಜಯಪುರಕ್ಕೆ ಮರಳಿದೆ. ಆಕೆಯ ಮುಖದಲ್ಲಿ ಮೂಡಿದ ಗೆಲುವನ್ನು ಕಂಡು ನನಗೂ ಸಮಾಧಾನವಾಗಿತ್ತು. ಆ ಸಮಾಧಾನಕ್ಕೆ ನಾನು ತೆತ್ತ ಬೆಲೆಯನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು, ಅಂದೇ ಹೇಳಬೇಕಾಗಿದ್ದ ನಿಜವಾದ ಉತ್ತರವನ್ನು, ತಡವಾಗಿಯಾದರೂ, ಇಲ್ಲಿ ಬರೆಯುತ್ತಿದ್ದೇನೆ.

ಮಾಯಾಗುಂಡಿನ ಕನಸು

ದೊಡ್ಡವ್ವನ ಪ್ರಶ್ನೆ ಹೊಸತಲ್ಲ. ಜರ್ಮನಿಯ ಪಾಲ್ ಎರ್ಲಿಕ್ ಎಂಬ ಮಹಾವಿಜ್ಞಾನಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಇದನ್ನು ಕೇಳಿಕೊಂಡಿದ್ದನು. ದೇಹದ ಉಳಿದ ಭಾಗವನ್ನು ಮುಟ್ಟದೆ ರೋಗವನ್ನಷ್ಟೇ ಹೊಡೆಯುವ ಔಷಧಕ್ಕೆ ಆತನಿಟ್ಟ ಹೆಸರು ‘ಮಾಯಾಗುಂಡು’. 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಆತ ರೋಗಾಣುಗಳ ವಿಷಯದಲ್ಲಿ ಆ ಕನಸನ್ನು ತಕ್ಕಮಟ್ಟಿಗೆ ನನಸಾಗಿಸಿದನು. ಆದರೆ ರೋಗಾಣು ಹೊರಗಿನಿಂದ ಬಂದ ವೈರಿ. ಅದರ ಗುರುತು ಬೇರೆ, ನಮ್ಮ ಕೋಶಗಳ ಗುರುತು ಬೇರೆ. ಅರ್ಬುದವಾದರೋ ನಮ್ಮ ಕೋಶಗಳೇ ದಾರಿ ತಪ್ಪಿ, ಅಂಕೆಯಿಲ್ಲದೆ ಬೆಳೆದದ್ದು. ಮನೆಯ ಮಗನೇ ಕಳ್ಳನಾದರೆ ಗುರುತು ಹಿಡಿಯುವುದು ಸುಲಭವೇ?

ಆದಕಾರಣ ವೈದ್ಯರು ಒಂದು ಲಕ್ಷಣವನ್ನು ಗುರುತಾಗಿ ಹಿಡಿದರು. ಅರ್ಬುದ ಕೋಶಗಳು ಬೇಗಬೇಗನೆ ಒಡೆದು ಇಮ್ಮಡಿಯಾಗುತ್ತವೆ. ಹಾಗೆ ಒಡೆಯುವ ಕೋಶಗಳನ್ನೆಲ್ಲ ಕೊಲ್ಲುವ ಔಷಧ ಕೊಟ್ಟರಾಯಿತು. ದೊಡ್ಡವ್ವನಿಗೆ ಕೊಟ್ಟ ಕೆಂಪು ಔಷಧ ಡಾಕ್ಸೊರುಬಿಸಿನ್ ಈ ಜಾತಿಯದು. 1960ರ ದಶಕದಲ್ಲಿ ಇಟಲಿಯ ವಿಜ್ಞಾನಿಗಳು ಮಣ್ಣಿನಲ್ಲಿ ವಾಸಿಸುವ ಒಂದು ಸೂಕ್ಷ್ಮಜೀವಿಯಿಂದ ಇದನ್ನು ಪಡೆದರು. ಆದರೆ ಕೂದಲಿನ ಬೇರು, ಬಾಯಿ ಮತ್ತು ಕರುಳಿನ ಒಳಪದರ, ರಕ್ತವನ್ನು ಹುಟ್ಟಿಸುವ ಮೂಳೆಯ ಮಜ್ಜೆ, ಇವುಗಳ ಕೋಶಗಳೂ ಬೇಗ ಒಡೆಯುವಂಥವೇ. ಔಷಧಕ್ಕೆ ಆ ಭೇದ ತಿಳಿಯದು. ಮೇಲಾಗಿ ಈ ಔಷಧ ಮಿತಿ ಮೀರಿದರೆ ಹೃದಯದ ಸ್ನಾಯುವಿಗೂ ಹಾನಿಯುಂಟು.

“ಹಾಗಾದರೆ ಗಂಟಿಗೇ ಚುಚ್ಚಬಾರದೇ?” ಎಂದು ನೀವು ಕೇಳಬಹುದು. ಕೈಗೆ ಸಿಕ್ಕುವ ಗಂಟನ್ನು ಶಸ್ತ್ರವೈದ್ಯನು ತೆಗೆದೇ ಬಿಡುತ್ತಾನೆ. ವಿಕಿರಣದಿಂದ ಸುಡುವುದೂ ಉಂಟು. ಗೊಂಚಲನ್ನು ಅದ್ದುವ ಕೆಲಸಕ್ಕೆ ಸಮಾನವಾದದ್ದು ಅದೇ. ಆದರೆ ಗಂಟಿನಿಂದ ಬೇರ್ಪಟ್ಟು, ಕಣ್ಣಿಗೆ ಕಾಣದಂತೆ ಎಲ್ಲೋ ಹೋಗಿ ಕುಳಿತ ನಾಲ್ಕಾರು ಕೋಶಗಳಿದ್ದರೆ? ಅವುಗಳನ್ನು ಮುಟ್ಟಬಲ್ಲದ್ದು ರಕ್ತವೊಂದೇ. ಆದ್ದರಿಂದ ಔಷಧವೂ ರಕ್ತದ ದಾರಿಯಲ್ಲಿಯೇ ಹೋಗಬೇಕು.

ಕುಬ್ಜನ ಸವಾರಿ

ಇಲ್ಲಿ ನ್ಯಾನೊ ಕಣಗಳ ಪ್ರವೇಶವಾಗುತ್ತದೆ. ‘ನ್ಯಾನೊ’ ಎಂಬುದು ಗ್ರೀಕ್ ಮೂಲದ ಶಬ್ದ, ಕುಬ್ಜ ಎಂದರ್ಥ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲೊಂದು ಭಾಗ ಒಂದು ನ್ಯಾನೊಮೀಟರು. ನಮ್ಮ ರಕ್ತದ ಒಂದು ಕೆಂಪು ಕಣದ ಅಗಲ ಏಳೆಂಟು ಸಾವಿರ ನ್ಯಾನೊಮೀಟರುಗಳಷ್ಟು. ಔಷಧವನ್ನು ಹೊರುವ ಕಣವಾದರೋ ಸಾಮಾನ್ಯವಾಗಿ ನೂರರ ಆಸುಪಾಸಿನದು. ಅಂದರೆ ಒಂದೇ ಕೆಂಪು ಕಣದ ಅಗಲಕ್ಕೆ ಇಂಥ ಎಪ್ಪತ್ತೆಂಬತ್ತು ಕುಬ್ಜರು ಸಾಲಾಗಿ ನಿಲ್ಲಬಹುದು.

ಕುಬ್ಜನಿಗೆ ವಾಹನವನ್ನು ಒದಗಿಸಿದವನು ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್. 1960ರ ದಶಕದಲ್ಲಿ, ಕೇಂಬ್ರಿಜಿನ ಸಮೀಪದ ಬೇಬ್ರಹಾಮಿನಲ್ಲಿ, ಮೊಟ್ಟೆಯ ಹಳದಿಯಲ್ಲಿರುವಂಥ ಕೊಬ್ಬಿನ ಪದಾರ್ಥವನ್ನು ನೀರಿನಲ್ಲಿ ಬೆರೆಸಿದರೆ ಅದು ತಾನಾಗಿಯೇ ಪುಟ್ಟ ಪುಟ್ಟ ಗುಳ್ಳೆಗಳಾಗಿ ಮುಚ್ಚಿಕೊಳ್ಳುವುದನ್ನು ಆತ ಕಂಡುಕೊಂಡನು. ಈ ಗುಳ್ಳೆಗೆ ‘ಲೈಪೊಸೋಮ್’ ಎಂದು ಹೆಸರು. ಅದರ ಹೊಟ್ಟೆಯೊಳಗೆ ಔಷಧವನ್ನು ಮುಚ್ಚಿಟ್ಟು ರಕ್ತದಲ್ಲಿ ತೇಲಿಬಿಟ್ಟರೆ?

ಗುಳ್ಳೆಯು ಗಂಟಿನಲ್ಲಿಯೇ ಏಕೆ ಇಳಿಯಬೇಕೆಂಬುದಕ್ಕೆ 1986ರಲ್ಲಿ ಜಪಾನಿನ ಕುಮಾಮೊಟೊ ವಿಶ್ವವಿದ್ಯಾಲಯದ ಮಾತ್ಸುಮುರಾ ಮತ್ತು ಮಾಯೆದಾ ಎಂಬವರು ಉತ್ತರ ಕೊಟ್ಟರು. ಅರ್ಬುದದ ಗಂಟು ಅವಸರದಲ್ಲಿ ಬೆಳೆಯುತ್ತದೆ. ಅವಸರದಲ್ಲಿ ಕಟ್ಟಿಕೊಂಡ ಅದರ ರಕ್ತನಾಳಗಳ ಗೋಡೆಯಲ್ಲಿ ಬಿರುಕುಗಳಿರುತ್ತವೆ. ಆರೋಗ್ಯವಂತ ನಾಳದಲ್ಲಿ ಹೊರಬೀಳಲಾರದ ಕಣ ಇಲ್ಲಿ ಸೋರಿ ಗಂಟಿನೊಳಗೆ ಉಳಿಯುತ್ತದೆ. ವಿವರಣೆ ಎಷ್ಟು ಸೊಗಸಾಗಿತ್ತೆಂದರೆ, ಮುಂದಿನ ಮೂವತ್ತು ವರ್ಷಗಳ ಸಂಶೋಧನೆಯೆಲ್ಲ ಬಹುಮಟ್ಟಿಗೆ ಇದೇ ಆಸೆಯ ಮೇಲೆ ನಿಂತಿತು.

1995ರಲ್ಲಿ ಅಮೆರಿಕದ ಸರಕಾರ ಡಾಕ್ಸಿಲ್ ಎಂಬ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ದೊಡ್ಡವ್ವನಿಗೆ ಕೊಟ್ಟ ಅದೇ ಡಾಕ್ಸೊರುಬಿಸಿನ್, ಆದರೆ ಗುಳ್ಳೆಯೊಳಗೆ ಮುಚ್ಚಿದ್ದು. 2012ರಲ್ಲಿ ಅಮೆರಿಕದಲ್ಲಿ ಇದರ ಅಭಾವ ತಲೆದೋರಿದಾಗ, ಅದೇ ಬಗೆಯ ಔಷಧವನ್ನು ನಮ್ಮ ದೇಶದ ಸನ್ ಫಾರ್ಮಾ ಕಂಪನಿಯಿಂದ ಆಮದು ಮಾಡಿಕೊಳ್ಳಲು ಅಲ್ಲಿನ ಸರಕಾರ ಅನುಮತಿ ಕೊಟ್ಟಿತೆಂಬುದು ನಾವು ನೆನೆಯಬಹುದಾದ ಸಂಗತಿ.

ಹಾಗಾದರೆ ಮಾಯಾಗುಂಡು ಸಿದ್ಧವಾಯಿತಲ್ಲವೇ? ಇಲ್ಲ. ಹರಡಿದ ಎದೆಯ ಅರ್ಬುದದಲ್ಲಿ ಹಳೆಯ ಔಷಧವನ್ನೂ ಗುಳ್ಳೆಯ ಔಷಧವನ್ನೂ ಎದುರುಬದುರಾಗಿ ಪರೀಕ್ಷಿಸಿದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಹೃದಯಕ್ಕೆ ಆಗುವ ಹಾನಿ ಗುಳ್ಳೆಯ ಔಷಧದಲ್ಲಿ ಗಣನೀಯವಾಗಿ ಕಡಿಮೆ. ಅದು ದೊಡ್ಡ ಲಾಭವೇ ಸರಿ. ಆದರೆ ರೋಗವನ್ನು ತಡೆಯುವ ಶಕ್ತಿಯಲ್ಲಿ ಎರಡೂ ಸರಿಸಮಾನ. ಅಲ್ಲದೆ, ಹೊಸದರಿಂದ ಅಂಗೈ ಅಂಗಾಲುಗಳು ಕೆಂಪಾಗಿ ನೋಯುವ ಬೇರೊಂದು ಕಾಟ ಅಂಟಿಕೊಂಡಿತು. ಗುಂಡು ಗುರಿಯ ಕಡೆಗೆ ಹೊರಟಿತ್ತು. ಮುಟ್ಟುವುದು ಮಾತ್ರ ಅಂದುಕೊಂಡಷ್ಟು ಆಗಿರಲಿಲ್ಲ.

ತೊರವಿಯ ನೀರು

ಏಕೆ ಮುಟ್ಟಲಿಲ್ಲವೆಂಬುದನ್ನು ತಿಳಿಯಲು ವಿಜಯಪುರದವರಿಗೆ ದೂರ ಹೋಗಬೇಕಾಗಿಲ್ಲ. ಆದಿಲಶಾಹಿಯ ಕಾಲದಲ್ಲಿ ತೊರವಿಯಿಂದ ನೆಲದೊಳಗಿನ ಸುರಂಗದ ಮೂಲಕ ನಗರಕ್ಕೆ ನೀರು ತಂದರು. ತೊರವಿಯಲ್ಲಿ ನೀರು ದೊರೆತದ್ದೇ ದೊಡ್ಡ ಮಾತಾಗಿರಲಿಲ್ಲ. ನಗರದ ಮನೆಬಾಗಿಲಿಗೆ ಅದನ್ನು ಮುಟ್ಟಿಸುವುದು ದೊಡ್ಡ ಮಾತಾಗಿತ್ತು. ನೀರಿನ ಒತ್ತಡವನ್ನು ತಗ್ಗಿಸಲೆಂದೂ ಹೂಳು ಕೆಳಗಿಳಿಯಲೆಂದೂ ದಾರಿಯುದ್ದಕ್ಕೂ ಕಟ್ಟಿದ ಗಂಜ್ ಎಂಬ ನೀರಿನ ಗೋಪುರಗಳು ಇಂದಿಗೂ ಊರಿನಲ್ಲಿ ನಿಂತಿವೆ. ಔಷಧದ ಕಥೆಯೂ ಹೀಗೆಯೇ. ಕಣವನ್ನು ಮಾಡುವುದು ಮೊದಲ ಹೆಜ್ಜೆ. ಉಳಿದದ್ದೆಲ್ಲ ದಾರಿಯ ಮಾತು.

ಮೊದಲ ತಡೆ ರಕ್ತವೇ. ಕಣವು ರಕ್ತಕ್ಕೆ ಬಿದ್ದ ಕೆಲವೇ ಕ್ಷಣಗಳಲ್ಲಿ ಅಲ್ಲಿನ ಪ್ರೋಟೀನುಗಳು ಅದಕ್ಕೆ ಮೆತ್ತಿಕೊಂಡು ಹೊಸದೊಂದು ಹೊದಿಕೆಯನ್ನು ತೊಡಿಸುತ್ತವೆ. ಪ್ರಯೋಗಶಾಲೆಯಲ್ಲಿ ಎಷ್ಟು ಮುತುವರ್ಜಿಯಿಂದ ಮೇಲ್ಮೈಯನ್ನು ಅಣಿಗೊಳಿಸಿದರೂ ದೇಹವು ಕಾಣುವುದು ಈ ಹೊದಿಕೆಯನ್ನೇ. ಅದನ್ನು ಕಂಡೊಡನೆ ‘ಇದು ಪರಕೀಯ’ ಎಂದು ಕಾವಲುಗಾರ ಕೋಶಗಳು ನುಂಗುತ್ತವೆ. ಈ ಕಾವಲಿನ ಮುಖ್ಯ ಠಾಣೆಗಳು ಯಕೃತ್ತು ಮತ್ತು ಗುಲ್ಮ. ಕಣವು ತೀರ ಚಿಕ್ಕದಾದರೆ, ಐದಾರು ನ್ಯಾನೊಮೀಟರಿಗಿಂತ ಕೆಳಗಾದರೆ, ಮೂತ್ರಪಿಂಡ ಅದನ್ನು ಸೋಸಿ ಹೊರಹಾಕುತ್ತದೆ. ಇದನ್ನು ತಪ್ಪಿಸಲು ಕಣಗಳಿಗೆ ‘ಪೆಗ್’ ಎಂಬ ಜಾರುವ ಲೇಪ ಹಚ್ಚಿದರು. ಡಾಕ್ಸಿಲ್ಲಿಗೆ ಇರುವುದೂ ಅದೇ. ಆದರೆ ಕೆಲವರ ದೇಹ ಈ ಲೇಪದ ವಿರುದ್ಧವೂ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ.

ಎರಡನೆಯ ತಡೆ ಗಂಟಿನ ಬಾಗಿಲು. ಬಿರುಕಿನ ವಿಚಾರ ಹೊರಬಂದದ್ದು ಇಲಿಗಳ ಮೇಲಿನ ಪ್ರಯೋಗದಿಂದ. ಇಲಿಯಲ್ಲಿ ಬೆಳೆಸಿದ ಗಂಟು ಕೆಲವೇ ವಾರಗಳಲ್ಲಿ ಅದರ ದೇಹಕ್ಕೆ ಹೋಲಿಸಿದರೆ ಬಲು ದೊಡ್ಡದಾಗುತ್ತದೆ; ಮನುಷ್ಯನಲ್ಲಿ ಗಂಟು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಒಬ್ಬ ರೋಗಿಯ ಗಂಟಿನಲ್ಲಿ ಬಿರುಕುಗಳಿರಬಹುದು, ಮತ್ತೊಬ್ಬರದರಲ್ಲಿ ಇಲ್ಲದಿರಬಹುದು. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ಮತ್ತು ಸಂಗಡಿಗರು 2020ರಲ್ಲಿ ಇನ್ನೂ ಮುಂದೆ ಹೋಗಿ, ಕಣಗಳಲ್ಲಿ ಬಹುಪಾಲು ಬಿರುಕಿನಿಂದ ಸೋರುವುದೇ ಅಲ್ಲ, ನಾಳದ ಗೋಡೆಯ ಕೋಶಗಳೇ ಅವುಗಳನ್ನು ಎತ್ತಿ ಒಳಗೆ ದಾಟಿಸುತ್ತವೆ ಎಂದು ತೋರಿಸಿದರು. ಮೂವತ್ತು ವರ್ಷ ಬಿರುಕನ್ನು ನಂಬಿದವರು ಮತ್ತೆ ಯೋಚಿಸಬೇಕಾಯಿತು.

ಮೂರನೆಯ ತಡೆ ಒಳಗಿನ ಒತ್ತಡ. ಗಂಟಿನೊಳಗೆ ಸೋರಿದ ದ್ರವಕ್ಕೆ ಹೊರಹೋಗಲು ಸರಿಯಾದ ಚರಂಡಿಯಿಲ್ಲ. ಕೋಶಗಳ ನಡುವಿನ ನಾರು ಬಿಗಿಯಾಗಿ ಹೆಣೆದುಕೊಂಡಿರುತ್ತದೆ. ಆದ್ದರಿಂದ ಒಳಗಿನ ಒತ್ತಡ ಹೊಸದಾಗಿ ಬಂದದ್ದನ್ನು ಅಂಚಿನಲ್ಲಿಯೇ ತಡೆಯುತ್ತದೆ. ಇದನ್ನು ಜಗತ್ತಿಗೆ ವಿವರವಾಗಿ ತಿಳಿಸಿಕೊಟ್ಟವರು ಹಾರ್ವರ್ಡಿನ ರಾಕೇಶ್ ಜೈನ್. ಉತ್ತರ ಪ್ರದೇಶದ ಲಲಿತಪುರದಲ್ಲಿ ಹುಟ್ಟಿ, ಕಾನಪುರದ ಐ.ಐ.ಟಿ.ಯಲ್ಲಿ ಓದಿದವರು. ಕೆರೆ ತುಂಬಿ ನಿಂತಿರುವಾಗ ಕಾಲುವೆಯ ನೀರು ಹಿಮ್ಮೆಟ್ಟುವಂತೆ, ಔಷಧವೂ ಗಂಟಿನ ನಡುಭಾಗವನ್ನು ಮುಟ್ಟದೆ ನಿಲ್ಲುತ್ತದೆ.

ನಾಲ್ಕನೆಯದು ಮೂಟೆ ಬಿಚ್ಚುವ ಸಮಸ್ಯೆ. ಕಣವು ಗಂಟನ್ನು ಮುಟ್ಟಿದ ಮೇಲೆ ಔಷಧ ಹೊರಬರಬೇಕಷ್ಟೆ. ಸಡಿಲವಾಗಿ ಕಟ್ಟಿದರೆ ದಾರಿಯಲ್ಲಿಯೇ ಸೋರುತ್ತದೆ. ಬಿಗಿಯಾಗಿ ಕಟ್ಟಿದರೆ ಗುರಿಯಲ್ಲಿಯೂ ಬಿಚ್ಚಿಕೊಳ್ಳುವುದಿಲ್ಲ. ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ಗುಳ್ಳೆಯಲ್ಲಿ ಮುಚ್ಚಿ ಮಾಡಿದ ಒಂದು ಯತ್ನ ಈ ಎರಡನೆಯ ಕಾರಣದಿಂದಲೇ ವಿಫಲವಾಯಿತು. ಮೂಟೆ ಊರು ಸೇರಿತು, ಗಂಟು ಬಿಚ್ಚಲಿಲ್ಲ.

ಇಷ್ಟೆಲ್ಲ ತಡೆಗಳನ್ನು ದಾಟಿ ಮುಟ್ಟುವುದೆಷ್ಟು? 2016ರಲ್ಲಿ ಅದೇ ಟೊರಾಂಟೊ ಬಳಗದವರು ಅದಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ ಪ್ರಕಟವಾದ ಪ್ರಾಣಿಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದರು. ಚುಚ್ಚಿದ ಕಣಗಳಲ್ಲಿ ಗಂಟನ್ನು ಸೇರಿದ್ದು, ಮಧ್ಯಮ ಲೆಕ್ಕದಲ್ಲಿ, ನೂರಕ್ಕೆ 0.7. ಸಾವಿರ ಕುಬ್ಜರು ಹೊರಟರೆ ಗುರಿ ಮುಟ್ಟಿದವರು ಏಳು ಮಂದಿ! ಗಂಟು ದೇಹದ ಒಂದು ಸಣ್ಣ ಭಾಗ, ಸಾದಾ ಔಷಧವೂ ಅಲ್ಲಿಗೆ ಹೆಚ್ಚೇನೂ ಹೋಗುವುದಿಲ್ಲ, ಆದ್ದರಿಂದ ಈ ಅಂಕಿಯೊಂದನ್ನೇ ನೋಡಿ ಎದೆಗುಂದಬೇಕಾಗಿಲ್ಲ ಎಂದು ಬೇರೆ ವಿಜ್ಞಾನಿಗಳು ವಾದಿಸಿದ್ದಾರೆ. ಅದೂ ನ್ಯಾಯವಾದ ಮಾತೇ. ಆದರೆ ‘ಗಂಟಿಗಷ್ಟೇ ಹೋಗುತ್ತದೆ’ ಎಂದು ನಾನು ತಿಕೋಟಾದಲ್ಲಿ ಆಡಿದ ಮಾತಿಗೆ ಈ ಲೆಕ್ಕದಲ್ಲಿ ಎಲ್ಲಿಯೂ ಜಾಗವಿಲ್ಲ.

ನಮ್ಮ ನಾಡಿನ ಪಾಲು

ಈ ದುಡಿಮೆಯಲ್ಲಿ ಕನ್ನಡ ನಾಡಿನ ಪಾಲು ಕಡಿಮೆಯದಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ತೇಜರಾಜ ಅಮಿನಭಾವಿಯವರು, ಸೊಪ್ಪಿಮಠ ಮೊದಲಾದ ಸಹಲೇಖಕರೊಡನೆ, ದೇಹದಲ್ಲಿ ತಾನಾಗಿ ಕರಗಿಹೋಗುವ ಪಾಲಿಮರ್ ನ್ಯಾನೊ ಕಣಗಳನ್ನು ಕುರಿತು 2001ರಲ್ಲಿ ಬರೆದ ಸಮೀಕ್ಷಾ ಲೇಖನವನ್ನು ಜಗತ್ತಿನಾದ್ಯಂತ ಸಂಶೋಧಕರು ಆಧಾರವಾಗಿ ಉಲ್ಲೇಖಿಸುತ್ತ ಬಂದಿದ್ದಾರೆ. ಇಂಥ ಕಣಗಳಿಗೆ ಬಳಸುವ ಪದಾರ್ಥಗಳಲ್ಲಿ ಕೈಟೋಸಾನ್ ಒಂದು. ಅದು ದೊರೆಯುವುದು ಸಿಗಡಿ ಮತ್ತು ಏಡಿಯ ಚಿಪ್ಪಿನಿಂದ. ಕ್ಯಾನ್ಸರ್ ಎಂಬ ಶಬ್ದಕ್ಕೆ ಏಡಿ ಎಂದೇ ಮೂಲಾರ್ಥ. ಕನ್ನಡದ ಹಿರಿಯರು ಅದನ್ನು ‘ಏಡಿಗಂತಿ’ ಎಂದದ್ದೂ ಅದಕ್ಕೇ. ಏಡಿಯ ಬೇನೆಗೆ ಏಡಿಯ ಚಿಪ್ಪಿನಲ್ಲಿಯೇ ಔಷಧ ಸಾಗಿಸುವ ಯತ್ನ ನಡೆದಿರುವುದು ಭಾಷೆಯ ವಿದ್ಯಾರ್ಥಿಯಾದ ನನಗೆ ಕುತೂಹಲದ ಸಂಗತಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಬರೀಶ್ ಘೋಷ್ ಮತ್ತು ಸಂಗಡಿಗರು ತಿರುಪುಮೊಳೆಯ ಆಕಾರದ ಅತಿಸೂಕ್ಷ್ಮ ಯಂತ್ರಗಳನ್ನು ಮಾಡಿ, ಹೊರಗಿನ ಅಯಸ್ಕಾಂತ ಶಕ್ತಿಯಿಂದ ಅವುಗಳನ್ನು ತಿರುಗಿಸಿ ನಡೆಸುತ್ತಾರೆ. ರಕ್ತದ ಹರಿವಿಗೆ ತಲೆಬಾಗಿ ತೇಲದೆ, ಹೇಳಿದ ಕಡೆಗೆ ಸಾಗುವ ಕುಬ್ಜರು ಇವರು. ಪ್ರಯೋಗಶಾಲೆಯಲ್ಲಿ ಬೆಳೆಸಿದ ಅರ್ಬುದ ಕೋಶಗಳ ನೆರೆಯಲ್ಲಿ ಈ ಯಂತ್ರಗಳು ಹೆಚ್ಚಾಗಿ ಅಂಟಿಕೊಳ್ಳುತ್ತವೆ ಎಂದು 2020ರಲ್ಲಿ ಅವರು ತೋರಿಸಿದರು. ಇದು ನಡೆದದ್ದು ಪ್ರಯೋಗಶಾಲೆಯ ಮಾದರಿಯಲ್ಲಿ. ರೋಗಿಯ ದೇಹದಲ್ಲಲ್ಲ ಎಂಬುದನ್ನು ಮರೆಯಬಾರದು.

ದೇಹದ ತಡೆಯನ್ನೇ ಅನುಕೂಲ ಮಾಡಿಕೊಂಡ ಜಾಣರೂ ಉಂಟು. ಕಣಗಳನ್ನು ಯಕೃತ್ತು ಹಿಡಿದುಕೊಳ್ಳುವುದಾದರೆ, ಯಕೃತ್ತಿಗೇ ಬೇಕಾದ ಔಷಧವನ್ನು ಅವುಗಳಲ್ಲಿ ಕಳುಹಿಸೋಣ ಎಂದು ಮಾಡಿದ ಒಂದು ಔಷಧಕ್ಕೆ 2018ರಲ್ಲಿ ಒಪ್ಪಿಗೆ ದೊರೆಯಿತು. ಅದು ಅರ್ಬುದಕ್ಕಲ್ಲ, ವಂಶಪಾರಂಪರ್ಯವಾದ ಬೇರೊಂದು ವ್ಯಾಧಿಗೆ. 2020ರ ಕೊನೆಯಲ್ಲಿ ಬಂದ ಫೈಜರ್ ಮತ್ತು ಮಾಡರ್ನಾ ಲಸಿಕೆಗಳು ಸವಾರಿ ಮಾಡಿದ್ದೂ ಇಂಥ ಕೊಬ್ಬಿನ ಕಣಗಳ ಮೇಲೆಯೇ. ದಾರಿ ಹತ್ತಿರವಿದ್ದಲ್ಲಿ ಕುಬ್ಜ ಗೆದ್ದಿದ್ದಾನೆ. ದೂರದ ಗಂಟಿನ ದಾರಿ ಇನ್ನೂ ಪೂರ್ತಿ ತೆರೆದಿಲ್ಲ.

ಬಬಲೇಶ್ವರದ ಸೀಸೆ

ಇನ್ನು ನನ್ನ ತಪ್ಪಿನ ಕಥೆ. ನಾನು ತಿಕೋಟಾದಿಂದ ಮರಳಿದ ಹದಿನೈದು ದಿನಕ್ಕೆ ಬಬಲೇಶ್ವರದಿಂದ ದೊಡ್ಡವ್ವನ ಅಳಿಯನ ಫೋನು ಬಂತು. “ನೀವು ಹೇಳಿದ್ರೆಲ್ಲಾ, ಆ ನ್ಯಾನೊ ಔಷಧ, ಅದು ಸಿಕ್ಕೈತ್ರಿ!” ಎಂಬ ಸಂತೋಷದ ಸುದ್ದಿ. ಯಾರೋ ಒಬ್ಬ ಮಾರಾಟಗಾರ ಮನೆಗೇ ಬಂದು ಸೀಸೆಯೊಂದನ್ನು ತೋರಿಸಿದ್ದನಂತೆ. ಚಿನ್ನದ ನ್ಯಾನೊ ಹನಿಗಳು. ದಿನಕ್ಕೆ ಹತ್ತು ಹನಿ ನಾಲಗೆಯ ಮೇಲೆ ಹಾಕಿಕೊಂಡರೆ ಸಾಕು, ನೇರವಾಗಿ ಗಂಟಿಗೆ ಹೋಗುತ್ತದೆ, ಕೂದಲೊಂದೂ ಉದುರದು. ಆದರೆ ಆಸ್ಪತ್ರೆಯ ಔಷಧವನ್ನು ನಿಲ್ಲಿಸಬೇಕು. ಒಣದ್ರಾಕ್ಷಿಯನ್ನು ಬಂದ ಬೆಲೆಗೆ ಮಾರಿ ಹಣ ಹೊಂದಿಸುವ ಮಾತು ಆಗಲೇ ನಡೆದಿತ್ತು. ಮೂರನೆಯ ಸರದಿಯ ದಿನ ದಾಟಿ ನಾಲ್ಕು ದಿನಗಳಾಗಿದ್ದವು.

ಆ ಮಾರಾಟಗಾರನಿಗೆ ಬಾಗಿಲು ತೆರೆದವನು ನಾನೇ ಎಂಬುದು ಆಗ ಅರಿವಾಯಿತು. ನನ್ನ ಒಂದು ಮಾತಿನ ಮೇಲೆ ಆತ ತನ್ನ ಸೀಸೆಯನ್ನು ಇಟ್ಟಿದ್ದನು. ಅಂದೇ ವೈದ್ಯರೊಬ್ಬರನ್ನು ಕಂಡು, ಅವರು ಕೊಟ್ಟದ್ದನ್ನು ಓದಿ, ಭಾನುವಾರ ಬಬಲೇಶ್ವರಕ್ಕೆ ಹೋದೆ. ಪಡಸಾಲೆಯಲ್ಲಿ ಎಲ್ಲರೆದುರು “ನಾ ಹೇಳಿದ್ದು ಅರ್ಧಾ ತಿಳಕೊಂಡು ಹೇಳಿದ್ದು, ನನ್ನದ ತಪ್ಪಾತು” ಎಂದು ಒಪ್ಪಿಕೊಂಡೆ. ಸಾವಿರದಲ್ಲಿ ಏಳರ ಲೆಕ್ಕವನ್ನು ಹೇಳಿದೆ. ರಕ್ತನಾಳಕ್ಕೇ ಚುಚ್ಚಿದ ಕಣಗಳ ಗತಿ ಹೀಗಿರುವಾಗ, ನಾಲಗೆಯ ಮೇಲೆ ಬಿದ್ದ ಹನಿ ಗಂಟಿಗೇ ಹೋಗುತ್ತದೆಂದು ಹೇಗೆ ನಂಬೋಣ? ಗುಳ್ಳೆಯ ಔಷಧ ನಿಜವಾಗಿಯೂ ಇದೆ, ಆದರೆ ಅದು ಆಸ್ಪತ್ರೆಯಲ್ಲಿ ವೈದ್ಯರೇ ಕೊಡುವಂಥದು. ದೊಡ್ಡವ್ವನ ಹೃದಯವನ್ನು ಪರೀಕ್ಷಿಸಿ, ಆಕೆಯ ಸ್ಥಿತಿಗೆ ಸಾದಾ ಔಷಧವೇ ತಕ್ಕದ್ದೆಂದು ಅವರು ಯೋಚಿಸಿಯೇ ಆರಿಸಿದ್ದಾರೆ ಎಂದು ತಿಳಿಸಿದೆ. ಅಳಿಯ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಸೀಸೆಯನ್ನು ಮರಳಿಸುವುದಾಗಿ ಹೇಳಿದನು. ಎಂಟು ದಿನ ತಡವಾಗಿ ಮೂರನೆಯ ಸರದಿ ನಡೆಯಿತು. ಆ ಎಂಟು ದಿನಗಳು ನನ್ನ ಲೆಕ್ಕಕ್ಕೆ ಸೇರಿದವು.

ವಾಚಕರ ಮನೆಗಳಿಗೂ ಇಂಥ ಸೀಸೆ ಬಂದೀತು. ಅರ್ಬುದವನ್ನು ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿದೆ. ನ್ಯಾನೊ ಔಷಧಗಳನ್ನು ಯಾವ ರೀತಿ ಪರೀಕ್ಷಿಸಬೇಕೆಂದು ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆ 2019ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿದೆ. ಆದ್ದರಿಂದ ಯಾರಾದರೂ ಈ ಹೆಸರು ಹೇಳಿಕೊಂಡು ಬಂದರೆ, ಔಷಧದ ನಿಜವಾದ ಹೆಸರೇನು, ಅದಕ್ಕೆ ಸರಕಾರದ ಒಪ್ಪಿಗೆ ಇದೆಯೇ, ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಅದನ್ನು ತೋರಿಸಬಹುದೇ ಎಂದು ಕೇಳಿರಿ. ‘ಮೊದಲು ಆಸ್ಪತ್ರೆಯ ಔಷಧ ನಿಲ್ಲಿಸಿರಿ’ ಎಂಬ ಮಾತು ಬಂದರೆ ಅಲ್ಲಿಗೆ ಮಾತುಕತೆ ಮುಗಿಸಿರಿ. ನನ್ನಂತೆ ಓದುಬರಹ ಬಲ್ಲವರಿಗೆ ಇನ್ನೊಂದು ಮಾತು: ರೋಗಿಯ ಮುಂದೆ ಧೈರ್ಯ ಹೇಳುವಾಗ, ತಿಳಿದದ್ದನ್ನಷ್ಟೇ ಹೇಳೋಣ. ಕಷ್ಟದಲ್ಲಿರುವವರು ನಮ್ಮ ಮಾತನ್ನು ನಾವು ಆಡಿದ್ದಕ್ಕಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ.

ದೊಡ್ಡವ್ವನ ಶಸ್ತ್ರಕ್ರಿಯೆಯಾಗಿ ಒಂದು ವರ್ಷ ದಾಟಿದೆ. ಕೂದಲು ಮತ್ತೆ ಬಂದಿದೆ. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗಿಬರುತ್ತಾಳೆ. ಈ ಮಾರ್ಗಶಿರದಲ್ಲಿ ನಾನು ಹೋದಾಗ ಆಕೆ ಚಪ್ಪರದ ಕೆಳಗೆ ಕುಳಿತು ಹುಡುಗಿಯರಿಗೆ ಅದ್ದುವ ಕ್ರಮ ತೋರಿಸುತ್ತಿದ್ದಳು. ನನ್ನನ್ನು ಕಂಡು ನಕ್ಕು, “ಏನ ತಮ್ಮಾ, ಗೊಂಚಲಕಷ್ಟ ಹೋಗೂ ಔಷಧ ಬಂತೇನು?” ಎಂದಳು.

“ದಾರ್ಯಾಗ ಐತಿ ದೊಡ್ಡವ್ವಾ. ಇನ್ನೂ ಮುಟ್ಟಿಲ್ಲ” ಎಂದೆ.

“ಬರಲಿ ಬಿಡು. ಬರೂತನಕಾ ಇದ್ದದ್ದ ತಗೋಬೇಕು” ಎಂದು ಹೇಳಿ ಆಕೆ ಮುಂದಿನ ಗೊಂಚಲಿಗೆ ಕೈ ಚಾಚಿದಳು.